ಮಾಲಿಲ್ಲದ ಉಂಡೆ

ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ಬೇರೆಯವರು ಬೆವರು ಸುರಿಸಿ ಮಾಡಿದ ಬೋಲ್ಟನ್ನು ಕೈಗೆತ್ತಿಕೊಂಡು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ರಿಜೆಕ್ಟ್ ಅಂತ ಕೆಂಪು ಬಣ್ಣ ಬಳಿಯಬೇಕು. ಅದಕ್ಕೆ ಸಂಬಳ ಕೊಡುತ್ತಿದ್ದರು. ಸಂಬಳವಿಲ್ಲದೆ ಇದೇ ಕೆಲಸವನ್ನು ನಾನು ಮನೆಯಲ್ಲೂ ಮಾಡುತ್ತಿದ್ದೆ.

ನನ್ನ ಹೆಂಡತಿ ನೀಲಾ ಕನ್ನಡ ಸೀನಿಯರ್ ಟೈಪಿಂಗ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆ ಸಂಜೆ ಶಾವಿಗೆ ಪಾಯಸ ಮಾಡಿ, ನಾನು ಶೂ ಬಿಚ್ಚುವ ಮೊದಲೇ ಬಟ್ಟಲು ತಂದು ಕೊಟ್ಟು ವಿಷಯ ಹೇಳಿದಳು. ನಾನು ಪಾಯಸ ಕುಡಿದು, "ಸಕ್ಕರೆ ಸ್ವಲ್ಪ ಜಾಸ್ತಿಯಾಯ್ತು" ಅಂದೆ. ಒಳಗೆ ಖುಷಿಯಾಗಲಿಲ್ಲವೇ ಎಂದು ಕೇಳಿದರೆ, ಆಗಿತ್ತು, ಬೇಕಾದಷ್ಟು ಆಗಿತ್ತು. ಅದನ್ನು ಬಾಯಿಂದ ಆಚೆ ಹಾಕುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ಅವಳು ಟ್ರಂಕು ತೆಗೆದುಕೊಂಡು ವಿಜಯನಗರದ ತವರಿಗೆ ಹೊರಟುಹೋದಳು. ಜಗಳವಾಡಲಿಲ್ಲ, ಅಳಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಶಿವರಾತ್ರಿಯ ನೆಪದಲ್ಲಿ ಮಾವನವರು, ಶಂಭುಲಿಂಗಪ್ಪನವರು, ನನ್ನನ್ನು ಮನೆಗೆ ಕರೆದರು. ನೀಲಾಳಿಗೆ ಅಲ್ಲೇ ಹತ್ತಿರದ ಆಫೀಸಿನಲ್ಲಿ ಕೆಲಸ ಸಿಗುವ ಹಾಗಿತ್ತು; ಸಿಕ್ಕರೆ ತವರಲ್ಲೇ ಇದ್ದುಬಿಡ್ತೀನಿ ಅಂದಿದ್ದಳಂತೆ. ಹಾಗಾಗಿ ಇದೇ ನನ್ನ ಕೊನೆಯ ಅವಕಾಶ. ಮನೆಗೆ ಬಾ ನೀಲಾ, ಮನೆಗೆ ಬಾ ನೀಲಾ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ನಡುಮನೆಯಲ್ಲಿ ಅವಳು ಎದುರಿಗೆ ಬಂದಾಗ, ನಿಮ್ಮನೆ ಬಾಗಿಲ ಚಿಲಕ ಸಡಿಲವಾಗಿದೆ ಅಂದೆ.

ಇಡೀ ದಿನ ಉಪವಾಸ. ಸಂಜೆ ಲಿಂಗಪೂಜೆ ಮುಗಿದ ಮೇಲೆ ಮಾವನವರ ಅಣ್ಣ ಚನ್ನಮಲ್ಲಪ್ಪನವರು ಒಂದು ಡಬ್ಬಿ ತೆಗೆದರು. ಅವರು ಗದಗಿನವರು, ಆಗಷ್ಟೇ ಕಾಶಿಗೆ ಹೋಗಿ ಬಂದಿದ್ದರು. ಡಬ್ಬಿಯಲ್ಲಿದ್ದದ್ದು ಅಮಲೇರಿಸುವ ಭಂಗಿ ಸೊಪ್ಪಿಗೆ ಬೆಲ್ಲ, ಗಸಗಸೆ, ಮೆಣಸು ಸೇರಿಸಿ ಕಟ್ಟಿದ ಉಂಡೆ. ಗಂಡಸರಿಗೆಲ್ಲ ಗೋಲಿ ಗಾತ್ರದ್ದು ಒಂದೊಂದು. ಶಿವನ ಪ್ರಸಾದ, ಬೇಡ ಅನ್ನುವ ಹಾಗಿಲ್ಲ. ನುಂಗಿ ಕೂತೆ. ಮಿಕ್ಕವರು ಕಣ್ಣುಮುಚ್ಚಿ ತಲೆದೂಗತೊಡಗಿದರು, ನನಗೆ ಏನೂ ಆಗಲಿಲ್ಲ. ಸುಮ್ಮನಿರಬಹುದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಡಬ್ಬಿಯನ್ನು ಮೂಸಿ ನೋಡಿ, ಇದರಲ್ಲಿ ಮಾಲಿಲ್ಲ ಎಂದು ತೀರ್ಪು ಕೊಟ್ಟೆ.

ಚನ್ನಮಲ್ಲಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಂಗಾರ ಇನ್ನೊಂದು ತಗೋರಿ, ಅಳಿಯದೇವ್ರ."

ತಗೊಂಡೆ, ಅದೂ ಬರಿಹೊಟ್ಟೆಯಲ್ಲಿ.

ಮೊದಲು ಕಣ್ಣಿಗೆ ಬಿದ್ದದ್ದು ಅತ್ತೆಯವರು ಬಿಟ್ಟ ರಂಗೋಲಿ. ಬೆಳಿಗ್ಗೆ ಅದರ ಒಂದು ಗೆರೆ ಸೊಟ್ಟ ಅಂದಿದ್ದೆ. ಈಗ ನೋಡಿದರೆ ಆ ಸೊಟ್ಟವೇ ಸೊಗಸು. ಕಣ್ಣಲ್ಲಿ ನೀರು ಬಂತು, ಪಾಸ್ ಅಂದೆ. ಎದ್ದು ಹೋಗಿ ಸಡಿಲ ಚಿಲಕವನ್ನು ನೇವರಿಸಿ ಅದನ್ನೂ ಪಾಸ್ ಮಾಡಿದೆ. ಕರಬೂಜದ ಹೋಳೊಂದನ್ನು ಅಂಗೈಯಲ್ಲಿಟ್ಟುಕೊಂಡು, ನಿನ್ನನ್ನು ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ ಎಂದು ಕ್ಷಮೆ ಕೇಳಿದೆ. ಮಾವನವರು ನಗಲೂ ಆಗದೆ ಬೈಯಲೂ ಆಗದೆ ವಿಭೂತಿ ಗಟ್ಟಿಯನ್ನೇ ನೋಡುತ್ತಾ ಕೂತಿದ್ದರು.

ಆಮೇಲೆ ಪಾಯಸದ ದಿನ ಒಳಗೇ ಉಳಿದಿದ್ದ ಖುಷಿ ಎದ್ದಿತು. ಒಲೆ ಮೇಲಿನ ಹಾಲಿನ ಹಾಗೆ ಉಕ್ಕಿತು, ಊದಿದರೂ ಇಳಿಯಲಿಲ್ಲ. ಬರಿಗಾಲಲ್ಲಿ ಬೀದಿಗೆ ಬಿದ್ದು ಒಂದೊಂದೇ ಬಾಗಿಲು ತಟ್ಟಿದೆ. ನನ್ನ ಹೆಂಡತಿ ಸೀನಿಯರ್ ಪಾಸಾಗಿದಾಳೆ, ಫಸ್ಟ್ ಕ್ಲಾಸು, ಎಂದು ಗಳಗಳ ಅಳುತ್ತಾ ಹೇಳಿದೆ. ನರಸಮ್ಮ ಎಂಬ ಅಜ್ಜಿ ಯಾರೋ ಹೋಗಿಬಿಟ್ಟರು ಎಂದುಕೊಂಡು ತಾನೂ ಅತ್ತಳು. ಆ ಬೀದಿಯಲ್ಲಿ ಆಗಿನ್ನೂ ಅರ್ಧದಷ್ಟು ಸೈಟುಗಳು ಖಾಲಿ. ಸೈಟಿನ ಗಡಿಕಲ್ಲುಗಳಿಗೂ ಬೇಸರವಾಗದಿರಲಿ ಎಂದು ಅವಕ್ಕೂ ಹೇಳಿದೆ. ಮೂಲೆ ಮನೆಯಲ್ಲಿ ಮಾತ್ರ ನಾಯಿ ಬೊಗಳಿತು. ಭಂಗಿ ಪ್ರೀತಿಯನ್ನಷ್ಟೇ ಹೆಚ್ಚಿಸುವುದಿಲ್ಲ, ಭಯವನ್ನೂ ಹೆಚ್ಚಿಸುತ್ತದೆ ಎಂದು ಆಗ ತಿಳಿಯಿತು. ಓಡಿಬಂದು ಅತ್ತೆಯವರ ಬೆನ್ನ ಹಿಂದೆ ಅಡಗಿಕೊಂಡೆ.

ಬೆಳಿಗ್ಗೆ ಎಚ್ಚರವಾದಾಗ ನಾಲಿಗೆ ಗೋಣಿಚೀಲದಂತಿತ್ತು. ಮರೆವಾದರೂ ಬಂದಿದ್ದರೆ ಪುಣ್ಯ, ಒಂದೂ ಮರೆತಿರಲಿಲ್ಲ. ಮಾವನವರು ಆಗಲೇ ನನ್ನ ಮಾನ ಉಳಿಸುವ ದಾರಿ ಹುಡುಕಿದ್ದರು. ಮಾತಾಡಿದ್ದು ಭಂಗಿ, ನಮ್ಮ ಅಳಿಯ ಅಲ್ಲ ಎಂದು ಬೀದಿಗೆಲ್ಲ ಹೇಳಿಬಿಡೋಣ ಅಂದರು. ಚನ್ನಮಲ್ಲಪ್ಪನವರು ಮಾತ್ರ ಒಪ್ಪಲಿಲ್ಲ. ಭಂಗಿ ಹೊಸದೇನೂ ತರುವುದಿಲ್ಲ, ಇದ್ದದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಒಳಗೆ ಏನೂ ಇಲ್ಲದವನು ಅದನ್ನು ತಿಂದರೆ ಗೊರಕೆ ಹೊಡೆಯುತ್ತಾನೆ ಎಂದು ಗೊಣಗಿದರು.

ನಾನು ಮಾವನವರ ಮಾತಿಗೆ ಹೂಂ ಅನ್ನುವುದರಲ್ಲಿದ್ದೆ. ನೀಲಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬರುವಾಗ ಅವಳ ಮುಖದಲ್ಲಿದ್ದ ನಗು ಅಪ್ಪನ ಮಾತು ಕೇಳಿ ಇಳಿದುಹೋಗಿತ್ತು. ಹೂಂ ಅಂದರೆ ನನ್ನ ಮಾನ ಉಳಿಯುತ್ತಿತ್ತು, ಹೆಂಡತಿ ಉಳಿಯುತ್ತಿರಲಿಲ್ಲ. ಊಹೂಂ ಅನ್ನುವುದಕ್ಕೂ ಬಾಯಿ ಬರಲಿಲ್ಲ.

ಅವಳು ಲೋಟ ಕೆಳಗಿಟ್ಟಳು. "ಮೂಲೆ ಮನೆಗೆ ಹೇಳ್ಲಿಲ್ಲ ನೀವು."

ಎದ್ದೆ. ಹಗಲು ಹೊತ್ತಿನಲ್ಲಿ, ನೆಟ್ಟಗಿರುವ ತಲೆಯಲ್ಲಿ, ಆ ಬೀದಿ ಬಹಳ ಉದ್ದವಾಗಿತ್ತು. ಕಿಟಕಿಗಳಲ್ಲಿ ಮುಖಗಳಿದ್ದವು, ನರಸಮ್ಮ ಕೈ ಮುಗಿದಳು. ಮೂಲೆ ಮನೆಯ ದೊಡ್ಡಹನುಮಯ್ಯನವರು ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ನಾಯಿಯ ಸರಪಳಿ ಹಿಡಿದು ಗೇಟಿನಲ್ಲೇ ನಿಂತಿದ್ದರು. ಈಗಲೂ ಹೆದರಿಕೆಯಾಯಿತು, ಅಳತೆಗೆ ತಕ್ಕಷ್ಟು.

"ನಮ್ಮ ಮನೆಯವರು ಟೈಪಿಂಗ್ ಸೀನಿಯರ್ ಪಾಸಾಗಿದಾರೆ ಸಾರ್, ಫಸ್ಟ್ ಕ್ಲಾಸು" ಅಂದೆ.

ಅವರು ಬಗ್ಗಿ ನನ್ನ ಕಣ್ಣುಗಳನ್ನು ಪರೀಕ್ಷಿಸಿದರು. "ಬೆಳಬೆಳಿಗ್ಗೇನೂ ತಗೊಂಡಿದೀರಾ?"

"ಇಲ್ಲ ಸಾರ್. ಇದು ನಾನೇ."

ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗಿದರೆ ನೀಲಾ ಟ್ರಂಕು ಹೊತ್ತು ಬಂದಿದ್ದಳು. ಭಾರ ಇದೆ, ಒಂದು ಕಡೆ ನೀವು ಹಿಡ್ಕೊಳ್ಳಿ ಅಂದಳು. ಹಿಡಿದೆ. ಹಿಡಿಕೆಯ ಮೊಳೆ ಸಡಿಲವಾಗಿತ್ತು. ನಾನು ಏನೂ ಅನ್ನಲಿಲ್ಲ.