ಅಗ್ನಿಕೇತುವಿನ ಎಂಟನೇ ಗರ್ಭಗುಡಿ

ನಮ್ಮ ಲೇಡೀಸ್ ಬೋಗಿಯಲ್ಲಿ ಪುಸ್ತಕವನ್ನು ಬ್ಲೇಡಿನಿಂದ ನಾಲ್ಕು ತುಂಡು ಮಾಡಿ ಓದುತ್ತೇವೆ. ಪುಸ್ತಕ ಒಂದು, ಓದುವವರು ನಾಲ್ವರು, ಕಾಯುವ ತಾಳ್ಮೆ ಯಾರಿಗೂ ಇಲ್ಲ. ಮಂಡ್ಯದಲ್ಲಿ ನಾನು, ಶಿವನಂಜಮ್ಮ, ನಯನ ಹತ್ತುತ್ತೇವೆ, ಮದ್ದೂರಿನಲ್ಲಿ ಸಿದ್ದೀಕಾ. ರಾಮನಗರದಲ್ಲಿ ಇಳಿದು ಅವರವರ ಕೆಲಸಕ್ಕೆ ಹೋಗುತ್ತೇವೆ. ಕೊನೆಯ ತುಂಡು ಮೊದಲು ಸಿಕ್ಕರೂ ಯಾರೂ ಗೊಣಗುವುದಿಲ್ಲ, ಏಕೆಂದರೆ ನಾವು ಓದುವುದು ಅಗ್ನಿಕೇತುವಿನ ಕಾದಂಬರಿ. ಎಲ್ಲದರಲ್ಲೂ ಮೊದಲು ತಾಮ್ರಶಾಸನ ಸಿಗಬೇಕು, ಆಮೇಲೆ ಮುದಿ ಪ್ರೊಫೆಸರ್ ಸಾಯಬೇಕು. ಮುತ್ತತ್ತಿ ಕಾಡಿನಲ್ಲಿ ಸುರಂಗ, ಸುರಂಗದಲ್ಲಿ ಹಾವು, ಕೊನೆಗೆ ಗುಪ್ತ ಗರ್ಭಗುಡಿಯ ಬಾಗಿಲು ತೆರೆದರೆ ರಾಶಿ ಚಿನ್ನ.

ಆ ಅಗ್ನಿಕೇತು ನಾನೇ, ಗುತ್ತಲಿನ ಶೋಭಿತಾ. ಗಂಡಸಿನ ಹೆಸರಿದ್ದರೆ ಪುಸ್ತಕ ಓಡುತ್ತದೆಂದು ಪ್ರಕಾಶಕ ಪುನೀತ್ ಇಟ್ಟ ಹೆಸರು ಅದು. ಬೋಗಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂತು ಅವರು ಓದುವುದನ್ನು ಕದ್ದು ನೋಡುವುದು ನನ್ನ ಸುಖವಾಗಿತ್ತು.

ಒಂದು ದಿನ ನಯನಳ ಬ್ಯಾಗಿನಲ್ಲಿ ಎರಡು ಪುಸ್ತಕದ ತುಂಡುಗಳು ಕಲಸಿಹೋದವು. ಶಿವನಂಜಮ್ಮ ಒಂದರ ಮೊದಲರ್ಧ, ಇನ್ನೊಂದರ ಕೊನೆಯರ್ಧ ಓದಿ, ಚೆನ್ನಾಗಿತ್ತು ಎಂದು ಮಡಚಿಟ್ಟರು. ಸಿದ್ದೀಕಾ ತಿರುವಿ ನೋಡಿದಳು.

"ಅಕ್ಕ, ಇದ್ರಲ್ಲಿ ಹೀರೋ ವಿಕ್ರಮ. ಅದ್ರಲ್ಲಿ ಅಭಿರಾಮ. ಗೊತ್ತಾಗ್ಲಿಲ್ವಾ?"

"ಎಸ್ರು ಬದ್ಲಾಯ್ಸ್ಕಂಡವ್ನೆ ಅನ್ಕಂಡೆ ಕಣಮ್ಮ. ಪೊಲೀಸ್ರು ಇಂದೆ ಬಿದ್ದವ್ರಲ್ಲ."

ಬೋಗಿಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಷ್ಟೂ ಒಂದೇ ಥರ ಇದ್ರೆ ಯಾಕೋದ್ತೀರಿ?" ಎಂದು ಕೇಳೇಬಿಟ್ಟೆ.

"ಓದೋಗಂಟ ಚೆನ್ನಾಗಿರ್ತದೆ. ರೈಲಿಳುದ್ರೆ ಒಂದೂ ಗ್ಯಾಪ್ಕ ಇರಾಕಿಲ್ಲ. ಕಳ್ಳೆಪುರಿ ತಿಂದಂಗೆ ಬುಡು."

ಕಳ್ಳೆಪುರಿ! ಏಳು ಪುಸ್ತಕ, ನಿದ್ದೆಗೆಟ್ಟು ಬರೆದದ್ದು. ಶಿವನಂಜಮ್ಮನ ಮೇಲೆ ಬಂದ ಸಿಟ್ಟು ಮನೆ ತಲುಪುವಷ್ಟರಲ್ಲಿ ನನ್ನ ಮೇಲೇ ತಿರುಗಿತು.

ಎಂಟನೆಯದನ್ನು ಬೇರೆ ಥರ ಬರೆದೆ. ಮಳವಳ್ಳಿ ಕಡೆ ನನ್ನಜ್ಜಿಯ ಊರಲ್ಲಿ ಹಬ್ಬದ ಹೊರತು ಗುಡಿ ತೆರೆಯುವುದಿಲ್ಲ. ಹೆಂಗಸರು ಮುಚ್ಚಿದ ಬಾಗಿಲಿಗೇ ಅರಿಶಿನ ಕುಂಕುಮ ಹಚ್ಚಿ, ಕಷ್ಟಸುಖ ಹೇಳಿಕೊಂಡು ಹೋಗುತ್ತಾರೆ. ನನ್ನ ಕಾದಂಬರಿಯ ಪುರಾತತ್ವದ ಹುಡುಗಿಯೂ ನೆಲ ಅಗೆದು ಅಂಥದೊಂದು ಬಾಗಿಲಿನ ಮುಂದೆ ನಿಲ್ಲುತ್ತಾಳೆ. ಅದರ ಮೇಲೆ ಹಳೇ ಕುಂಕುಮದ ಕಲೆ ಕಾಣುತ್ತದೆ. ಕೈಯಲ್ಲಿ ಹಾರೆಯಿದೆ, ಅವಳು ತೆರೆಯುವುದಿಲ್ಲ. ಮಣ್ಣು ಮುಚ್ಚಿಸಿ ಹೊರಟುಬಿಡುತ್ತಾಳೆ.

ಪುನೀತ್ ಫೋನ್ ಮಾಡಿದ. "ಮೇಡಂ, ಬಾಗ್ಲು ತೆಗೀರಿ. ಚಿನ್ನ ಕಾಣ್ಲಿಲ್ಲ ಅಂದ್ರೆ ಓದುಗರು ಪುಸ್ತಕ ಎಸೀತಾರೆ."

"ಎಸೀಲಿ."

"ಹಾಗಾದ್ರೆ ನಾನು ಅಚ್ಚು ಹಾಕಲ್ಲ."

"ಹಾಕ್ಬೇಡಿ," ಎಂದು ಇಟ್ಟೆ. ಅವನು ಬಿಟ್ಟರೆ ನನಗೆ ಬೇರೆ ಪ್ರಕಾಶಕರಿಲ್ಲ. ಅವನ ಮಾತು ನಿಜವೋ ಸುಳ್ಳೋ ನನಗೆ ಗೊತ್ತಾಗಲೇಬೇಕಿತ್ತು. ಹೆಸರು ಹಾಕದೆ ಪ್ರಿಂಟ್ ತೆಗೆಸಿ, ನಾಲ್ಕು ಕಟ್ಟು ಮಾಡಿ, ಯಾರದೋ ಹೊಸ ಕಾದಂಬರಿಯಂತೆ ಎಂದು ಬೋಗಿಯಲ್ಲಿ ಹಂಚಿದೆ.

ಶಿವನಂಜಮ್ಮನಿಗೆ ಮೂರನೇ ಕಟ್ಟು ಸಿಕ್ಕಿತು. ಸ್ವಲ್ಪ ಓದಿ, ತಲೆಬುಡ ಗೊತ್ತಾಗದೆ ಸಿದ್ದೀಕಾಳ ಕೈಯಿಂದ ಮೊದಲನೆಯದನ್ನು ಕಿತ್ತುಕೊಂಡರು. ಆ ವಾರವೆಲ್ಲ ಒಬ್ಬರ ಹಿಂದೆ ಒಬ್ಬರು ಕಾದು ಓದಿದರು. ಶನಿವಾರ ಜಗಳ ಹತ್ತಿಕೊಂಡಿತು.

"ಅಲ್ಲಿಗಂಟ ಓಗಿ ಬಾಗ್ಲು ತಗೀದೆ ಬಂದವ್ಳಲ್ಲ, ಇವ್ಳಿಗೇನ್ ಬಂದಿತ್ತು?" ಶಿವನಂಜಮ್ಮ ಕೂಗಾಡಿದರು.

"ಸರಿಯಾಗೇ ಮಾಡವ್ಳೆ," ಎಂದಳು ಸಿದ್ದೀಕಾ. "ಬೇರೇರು ಕೈಮುಗ್ದಿರೋ ಬಾಗ್ಲು. ಇವ್ಳ್ಯಾಕೆ ಒಡೀಬೇಕು?"

"ರಾತ್ರಿಯೆಲ್ಲ ಅದೇ ಗ್ಯಾನ ಕಣಮ್ಮ ನಂಗೆ. ಸೊಸೆ ಜತೆ ಮಾತಾಡಕ್ಕೂ ಮನ್ಸಿಲ್ಲ. ಯಾವನವ್ವ ಇದುನ್ನ ಬರ್ದೋನು? ಸಿಕ್ಲಿ ನನ್ ಕೈಗೆ."

"ನಾನೇ ಕಣಕ್ಕ," ಎಂದೆ. "ಅಗ್ನಿಕೇತು ಅಂದ್ರೂ ನಾನೇ."

ನಯನ ಬಾಯಿ ತೆರೆದವಳು ಮುಚ್ಚಲಿಲ್ಲ. ಶಿವನಂಜಮ್ಮ ಮಾತ್ರ ನನ್ನ ಪಕ್ಕಕ್ಕೆ ಸರಿದು ಕೂತರು.

"ಒಳ್ಗೆ ಏನಿತ್ತು?"

"ನಂಗೂ ಗೊತ್ತಿಲ್ಲ."

"ಸುಳ್ ಏಳ್ಬ್ಯಾಡ. ನಂಗೊಬ್ಳಿಗೇ ಏಳು, ಯಾರ್ಗೂ ಏಳಾಕಿಲ್ಲ."

"ನಿಜ್ವಾಗ್ಲೂ ಗೊತ್ತಿಲ್ಲ ಕಣಕ್ಕ."

"ಅಂಗಾರೆ ಮುಂದಿನ್ ಪುಸ್ತಕ್ದಲ್ಲಾದ್ರೂ ತಗುಸ್ಬುಡು."

"ತಗ್ಸಾಕಿಲ್ಲ," ಎಂದೆ.