ಗಾಳಿ ಎಳೆಯುವ ಗಾಡಿ

ಕೆಮ್ಮಿತು, ಹಿಡಿದುಕೊಂಡಿತು, ಮತ್ತೆ ಕೆಮ್ಮಿತು — ಇದು ಡೀಸೆಲ್ ಸಾಕಾಗದ ಇಂಜಿನ್ನಿನ ಕೆಮ್ಮು, ಬೀದಿಯ ತಿರುವಿನಲ್ಲಿರುವಾಗಲೇ ಗೊತ್ತಾಗುತ್ತದೆ, ಯಾರದೋ ಹಳೇ ಪಿಕಪ್ಪು, ಬೆಳಗಿನ ಮೊದಲ ಗಿರಾಕಿ, ಷಟರ್ ಎತ್ತಿ ಇನ್ನೂ ಕೈಗೆ ಗ್ರೀಸ್ ಕೂಡ ಅಂಟಿಲ್ಲ ಎಂದುಕೊಳ್ಳುತ್ತ ತಿರುಗಿದವಳ ಕಣ್ಣಿಗೆ ಎಡಗಡೆ ದೀಪದ ಪಕ್ಕದ ನೆಗ್ಗು ಬಿತ್ತು, ಆ ನೆಗ್ಗನ್ನು ಅವಳೇ ಒಂದು ಕಾಲದಲ್ಲಿ ಮರದ ಸುತ್ತಿಗೆಯಿಂದ ಬಡಿದು ಅರ್ಧಂಬರ್ಧ ಎಬ್ಬಿಸಿದ್ದಳು, ಹದಿನಾಲ್ಕು ವರ್ಷ, ಇನ್ನೂ ಅರ್ಧಂಬರ್ಧವೇ ಇದೆ, ಹಾಗಾದರೆ ಒಳಗೆ ಕೂತಿರುವುದು ಅವನು. ದೊಡ್ಡಮೇಸ್ತ್ರಿ, ಅವಳು ಕೆಲಸ ಕಲಿತ ಗ್ಯಾರೇಜಿನ ಯಜಮಾನ. ಬಾಗಿಲು ಹಿಡಿದುಕೊಂಡು ಒಂದೊಂದೇ ಕಾಲು ಕೆಳಗಿಟ್ಟ, ಮುದುಕನಾಗಿದ್ದಾನೆ, ಆಗಲಿ, ಎರಡು ಕಾಲಾದರೂ ನೆಟ್ಟಗಿವೆಯಲ್ಲ, ಇದೇ ಗಾಡಿ ತಾನೇ ಅಣ್ಣನ ಪಾದವನ್ನು ಅರೆದದ್ದು. ಚೆನ್ನಾಗಿದೀಯೇನಮ್ಮಾ ಅಂದ, ನೆನ್ನೆ ಮೊನ್ನೆ ಕಂಡವನ ಹಾಗೆ, ಅದೂ ಬೀದಿಗೆಲ್ಲ ಕೇಳುವಷ್ಟು ಜೋರಾಗಿ, ಕಿವಿ ಹೋಗಿದೆಯಂತೆ — ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಮೂರನೇ ನಾಜಲ್ ಕೆಟ್ಟಿದೆ ನೋಡು ಎನ್ನುತ್ತಿದ್ದ ಕಿವಿ ಅದು, ಅವಳಿಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು, ತಣ್ಣನೆ ನೀರು ಕುಡಿದ ಹಾಗಾಯಿತು. ಏನು ತೊಂದರೆ ಹೇಳಿ ಮೇಸ್ತ್ರಿ ಅಂದಳು, ಬಾಯಲ್ಲಿ ನೀವು, ಎದೆಯಲ್ಲಿ ನೀನು. ಏರು ಬಂದರೆ ದಮ್ಮು ಕಟ್ಟುತ್ತದಂತೆ, ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟಾಗುತ್ತದಂತೆ, ಫಿಲ್ಟರ್ ಎರಡು ಸಲ ಬದಲಾಯಿಸಿ, ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಹೊಸವು ಹಾಕಿ, ಪಂಪು ಬಿಚ್ಚಿ ಕಟ್ಟಿಸಿ, ಮೂರು ಗ್ಯಾರೇಜಿನವರು ಕೈಚೆಲ್ಲಿ, ಕೊನೆಗೆ ಸ್ಪ್ಯಾನರಕ್ಕನ ಹತ್ತಿರ ಹೋಗಿ ಅಂದರಂತೆ. ಸ್ಪ್ಯಾನರಕ್ಕ ಅಂದರೆ ಯಾರು ಅಂತ ಗೊತ್ತಿದ್ದೇ ಬಂದಿರಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ, ಟ್ಯಾಂಕ್ ತುಂಬಿಸಿದ ದಿನ ಹೇಗೆ ಓಡುತ್ತೆ ಎಂದು ಮಾತ್ರ ಕೂಗಿ ಕೇಳಿದಳು, ಅವನು ಯೋಚಿಸಿ, ಎರಡು ದಿನ ಚೆನ್ನಾಗೇ ಓಡುತ್ತೆ ಅಂದ, ಅವಳ ಒಳಗೆ ಏನೋ ಮೆಲ್ಲಗೆ ಕಿವಿ ನಿಮಿರಿಸಿತು.

ಕೂತ್ಕೊಳ್ಳಿ ಎಂದು ಸ್ಟೂಲ್ ತೋರಿಸಿದಳು, ಅವನು ಬೀದಿಗೆ ಮುಖ ಮಾಡಿ ಕೂತ, ಎದುರಿಗೆ ಅಣ್ಣನ ಬೀಗದ ಅಂಗಡಿ, ಕೀ ಕೊರೆಯುವ ಮಿಷಿನ್ನು ಕಿರ್ರೆನ್ನುತ್ತಿದೆ, ಅಣ್ಣ ತಲೆ ಬಗ್ಗಿಸಿದ್ದಾನೆ, ಇನ್ನೂ ನೋಡಿಲ್ಲ. ಅವತ್ತು ಈ ಗಾಡಿ ಓಡಿಸುತ್ತಿದ್ದವನು ಅಣ್ಣ, ಗ್ಯಾರೇಜಿನ ಸಾಮಾನು ಹೇರಿಕೊಂಡು ಕಲ್ಲುಕ್ವಾರಿಯ ಏರು ಹತ್ತುವಾಗ ಇಂಜಿನ್ ನಿಂತುಹೋಗಿ, ಇಂಜಿನ್ ನಿಂತರೆ ಬ್ರೇಕೂ ಕಲ್ಲಾಗುತ್ತದೆ, ತುಳಿದರೂ ಹಿಡಿಯುವುದಿಲ್ಲ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಲು ಇಳಿದಿದ್ದಾನೆ, ಬಗ್ಗಿದ್ದಾನೆ, ಗಾಡಿ ಹಿಂದಕ್ಕೆ ಉರುಳಿದೆ, ಅಷ್ಟೇ. ಗಾಡಿಯನ್ನು ಎಳೆದು ತಂದ ಮಾರನೆಯ ದಿನ ಮೇಸ್ತ್ರಿ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಫಿಲ್ಟರಿನ ತಲೆಯ ಮೇಲಿನ ನಟ್ಟನ್ನು ಬರಿ ಬೆರಳಲ್ಲಿ ತಿರುಗಿಸಿ ತೋರಿಸಿದ್ದ, ಒಂದು ಸುತ್ತು, ಎರಡು ಸುತ್ತು, ನೋಡಿ, ಹೆಣ್ಣುಮಕ್ಕಳ ಕೈಯ ಬಿಗಿ ಇದು, ಇಂಜಿನ್ನು ಡೀಸೆಲ್ ಬಿಟ್ಟು ಗಾಳಿ ಎಳೆಯದೆ ಇನ್ನೇನು ಮಾಡುತ್ತೆ ಅಂದಿದ್ದ — ಬಿಗಿ ಮಾಡಿದ್ದೆ, ಆ ವಾರ ಟ್ಯಾಂಕೂ ಇಳಿಸಿ ತೊಳೆದು ಪ್ರತಿಯೊಂದು ನಟ್ಟನ್ನೂ ಎರಡು ಸಲ ಮುಟ್ಟಿ ನೋಡಿದ್ದೆ, ಆಮೇಲೆ ಆಸ್ಪತ್ರೆಯಲ್ಲಿ ಅಣ್ಣನಿಗೂ ಹೇಳಿದೆ, ಅಣ್ಣ ಕಣ್ಣು ಮುಚ್ಚಿಕೊಂಡೇ ಹೋಗ್ಲಿ ಬಿಡು ಅಂದ, ಬೇಕಂತ ಮಾಡಿದೆಯಾ ಅಂದ. ಕ್ಷಮಿಸಿಬಿಟ್ಟ. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಎಲ್ಲಿ ಇಟ್ಟುಕೊಳ್ಳುವುದು, ಉಗುಳಲೂ ಆಗಲಿಲ್ಲ ನುಂಗಲೂ ಆಗಲಿಲ್ಲ. ಅಮ್ಮ ಮಗಳು ಆರಿಸಿದ ಸ್ಟೌವಿನ ಗುಬಟನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತಿದ್ದಳು, ಮಗಳು ಹಾಕಿದ ಚಿಲಕವನ್ನು ಎದ್ದು ಹೋಗಿ ಎಳೆದು ನೋಡುತ್ತಿದ್ದಳು, ಹಾಗೆ ನೋಡುತ್ತ ನೋಡುತ್ತಲೇ ಸತ್ತಳು, ಮತ್ತೆ ಮೇಸ್ತ್ರಿಗಳು ಯಾರೂ ಕೆಲಸ ಕೊಡಲಿಲ್ಲ, ಆರು ವರ್ಷ ಬಸ್ ಡಿಪೋದಲ್ಲಿ ಸೀಮೆಎಣ್ಣೆಗೆ ಕೈ ಅದ್ದಿ ಬೇರೆಯವರು ಬಿಚ್ಚಿದ್ದನ್ನು ತೊಳೆದದ್ದು, ಉಗುರಿನ ಸುತ್ತ ಚರ್ಮ ಸುಲಿದು ಊಟಕ್ಕೆ ಕೂತರೆ ಉರಿಯುತ್ತಿದ್ದದ್ದು.

ಮೊದಲು ಟ್ಯಾಂಕಿನ ಮುಚ್ಚಳ, ಬಿಚ್ಚಿದಾಗ ಉಸ್ಸೆನ್ನಲಿಲ್ಲ, ಮುಚ್ಚಳದ ಉಸಿರುತೂತು ಕಟ್ಟಿಲ್ಲ, ಆಮೇಲೆ ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ತೆಗೆದು ಆ ಜಾಗಕ್ಕೆ ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪು ಹಾಕಿ ಸ್ಟಾರ್ಟ್ ಮಾಡಿದಳು, ಒಂದು ನಿಮಿಷ ಡೀಸೆಲ್ಲು ಜೇನಿನ ಹಾಗೆ ತಿಳಿಯಾಗಿ ಹೋಯಿತು, ಆಮೇಲೆ ಒಂದು ಗುಳ್ಳೆ, ಅದರ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಗುಳ್ಳೆಗಳು, ಇಂಜಿನ್ ಕೆಮ್ಮಿತು. ಮೂರು ಗ್ಯಾರೇಜಿನವರಿಗೆ ಇಷ್ಟು ನೋಡಲು ಏನು ದಾಡಿಯಾಗಿತ್ತು, ಸಾಮಾನು ಮಾರುವ ಆಸೆ ಇದ್ದವರಿಗೆ ಗುಳ್ಳೆ ಕಾಣುವುದಿಲ್ಲ. ಈಗ ಟ್ಯಾಂಕನ್ನೇ ಬಿಟ್ಟು ಒಂದು ಕ್ಯಾನಿನಿಂದ ನೇರವಾಗಿ ಎಳೆಯಲು ಕೊಟ್ಟಳು, ಗುಳ್ಳೆಯಿಲ್ಲ, ಕೆಮ್ಮಿಲ್ಲ, ಎಷ್ಟು ಹೊತ್ತು ಓಡಿಸಿದರೂ ಹೊಲಿಗೆ ಮಿಷಿನ್ನಿನ ಹಾಗೆ ಒಂದೇ ಸಮ, ಹಾಗಾದರೆ ಪಂಪಿನ ತಪ್ಪಲ್ಲ, ನಾಜಲ್ಲಿನ ತಪ್ಪಲ್ಲ, ಗಾಳಿ ಬರುತ್ತಿರುವುದು ಟ್ಯಾಂಕಿನ ಕಡೆಯಿಂದ. ಅವನಿಗೆ ಹೇಳಲಿಲ್ಲ. ಯಾಕೆ ಹೇಳಬೇಕು, ಕೂತಿರಲಿ, ಕೈಯಲ್ಲಿ ಸ್ಪ್ಯಾನರಿದೆ, ಗಾಡಿ ಬಾಯಿ ತೆರೆದುಕೊಂಡು ಬಿದ್ದಿದೆ, ಎಲ್ಲ ಸರಿಮಾಡಿ ಒಂದೇ ಒಂದು ನಟ್ಟನ್ನು ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು, ಊರೊಳಗೆ ಓಡುತ್ತದೆ, ಇವನ ಮನೆ ಇರುವುದು ಅದೇ ಏರಿನ ಮೇಲೆ, ಲೋಡು ಹೇರಿಕೊಂಡು ಹತ್ತಲಿ, ನಡುವೆ ನಿಲ್ಲಲಿ, ಚಕ್ರಕ್ಕೆ ಕಲ್ಲು ಕೊಡಲು ತಾನೇ ಇಳಿಯಲಿ, ಈ ಮುದಿ ಮೊಣಕಾಲಿನಲ್ಲಿ ಬಗ್ಗಲಿ, ಆಗ ಯಾರ ಕೈಯ ಬಿಗಿ ಅಂತ ಎಣಿಸಿಕೊಳ್ಳಲಿ — ಹೊಟ್ಟೆಯೊಳಗೆ ಆ ಯೋಚನೆ ಬೆಚ್ಚಗೆ ಕೂತಿತ್ತು, ಟ್ಯಾಂಕಿನ ಮೇಲಿನ ಪೈಪುಗಳನ್ನು ಒಂದೊಂದಾಗಿ ತಡವುತ್ತಿದ್ದಾಗಲೂ ಕೂತಿತ್ತು, ಪೈಪುಗಳೆಲ್ಲ ಗಟ್ಟಿ, ಕ್ಲಿಪ್ಪುಗಳೆಲ್ಲ ಗಟ್ಟಿ, ಉಳಿದದ್ದು ಟ್ಯಾಂಕಿನೊಳಗೆ ಇಳಿಬಿಟ್ಟಿರುವ ಹೀರುಕೊಳವೆ ಒಂದೇ, ತುಂಬಿಸಿದಾಗ ಚೆನ್ನಾಗಿ ಓಡಿ ಅರ್ಧಕ್ಕಿಳಿದಾಗ ಕೆಮ್ಮುತ್ತದೆ ಅಂದರೆ ಆ ಕೊಳವೆ ಅರ್ಧದ ಮೇಲೆಲ್ಲೋ ಒಡೆದಿದೆ, ಡೀಸೆಲ್ ಮುಳುಗಿಸಿದಷ್ಟು ದಿನ ಡೀಸೆಲ್ಲು, ಬಯಲಾದ ದಿನ ಗಾಳಿ.

ನಾಲ್ಕು ಸ್ಕ್ರೂ ಬಿಚ್ಚಿ ಕೊಳವೆಯನ್ನು ಮೇಲೆತ್ತಿದಳು, ಡೀಸೆಲ್ಲು ಮೊಣಕೈವರೆಗೆ ಇಳಿಯಿತು, ಚಿಂದಿಬಟ್ಟೆಯಲ್ಲಿ ಒರೆಸಿದಳು, ಬಾಗಿದ ಜಾಗದಲ್ಲಿ ಕೂದಲೆಳೆಯಂಥ ಹೊಸ ಬಿರುಕು, ಬಿರುಕಿನ ಪಕ್ಕದಲ್ಲಿ ಹಿತ್ತಾಳೆ. ಹಿತ್ತಾಳೆಯ ಬೆಸುಗೆ, ಅದರ ತುದಿಯಲ್ಲಿ ಒಂದು ಹನಿ, ಹೆಬ್ಬೆರಳಿನ ಉಗುರಿನಷ್ಟು, ಕೆಳಗೆ ಜಾರುವ ಮೊದಲೇ ಹೆಪ್ಪುಗಟ್ಟಿದ್ದು. ಪ್ರತಿ ಬೆಸುಗೆಯ ಕೊನೆಗೂ ಹಾಗೊಂದು ಹನಿ ಬಿಡುತ್ತಿದ್ದವನು ಇಡೀ ಊರಿಗೆ ಈ ಮೇಸ್ತ್ರಿ ಒಬ್ಬನೇ, ನನ್ನ ರುಜು ಕಣೇ ಇದು ಎನ್ನುತ್ತಿದ್ದ. ಆ ವಾರ ಇದೇ ಕೊಳವೆಯನ್ನು ಈ ಕೈಯಲ್ಲೇ ತೊಳೆದಿದ್ದೆ, ತುದಿಯ ಜಾಲರಿಯನ್ನು ಬ್ರಷ್ ಹಾಕಿ ಉಜ್ಜಿದ್ದೆ, ಹಿತ್ತಾಳೆ ಇರಲಿಲ್ಲ, ಬರೀ ಕಬ್ಬಿಣ, ಹಾಗಾದರೆ ಬೆಸುಗೆ ಬಿದ್ದದ್ದು ಆಮೇಲೆ, ಅಣ್ಣನ ಪಾದ ಹೋದ ಮೇಲೆ, ಮಾರನೆಯ ದಿನ ಬರೀ ಆ ನಟ್ಟು ಬಿಗಿದದ್ದಕ್ಕೇ ಗಾಡಿ ಸರಿಯಾಗಿ ಓಡಿತ್ತಲ್ಲ, ಅಂದರೆ ಗಾಡಿಯನ್ನು ಎಳೆದು ತಂದ ಸಂಜೆಯೇ ಇವನು ಟ್ಯಾಂಕ್ ಬಿಚ್ಚಿದ್ದಾನೆ, ಬಿರುಕು ನೋಡಿದ್ದಾನೆ, ಬೆಸೆದಿದ್ದಾನೆ, ರುಜು ಹಾಕಿದ್ದಾನೆ, ಟ್ಯಾಂಕ್ ಮುಚ್ಚಿದ್ದಾನೆ, ಬೆಳಿಗ್ಗೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು — ಆ ನಟ್ಟು, ಹಾಗಾದರೆ ಆ ನಟ್ಟು?

ಎದ್ದು ಹೋಗಿ ಕೊಳವೆಯನ್ನು ಅವನ ತೊಡೆಯ ಮೇಲಿಟ್ಟಳು. ಅವನು ಕನ್ನಡಕ ಮೇಲೇರಿಸಿ ನೋಡಿದ, ಹನಿಯ ಮೇಲೆ ಹೆಬ್ಬೆರಳು ಆಡಿಸಿದ, ತಲೆ ಎತ್ತಲಿಲ್ಲ. ಫಿಲ್ಟರಿನ ನಟ್ಟು ಯಾರು ಸಡಿಲ ಮಾಡಿದ್ದು ಎಂದು ಕೇಳಿದಳು, ಅವನು ಕಿವಿಗೆ ಕೈ ಹಿಡಿದ, ಇನ್ನೂ ಜೋರಾಗಿ ಕೇಳಿದಳು, ಪಕ್ಕದ ಟೈರ್ ಅಂಗಡಿಯವನು ಪಂಚರ್ ಹಾಕುವುದನ್ನು ನಿಲ್ಲಿಸಿದ, ಎದುರುಗಡೆ ಮಿಷಿನ್ನಿನ ಕಿರ್ರೂ ನಿಂತಿತು. ಅಲ್ಲಿ ಹೋಗಿ ಅಣ್ಣನ ಮುಂದೆ ಹೇಳಿ ಮೇಸ್ತ್ರಿ, ಆಮೇಲೆ ನಿಮ್ಮ ಗಾಡಿ ಕಟ್ಟಿಕೊಡ್ತೀನಿ, ಹೇಳದಿದ್ರೆ ಇದನ್ನ ಇಲ್ಲೇ ಹೀಗೇ ಬಿಟ್ಟು ನಡ್ಕೊಂಡು ಹೋಗಿ ಅಂದಳು, ಆದರೆ ಅವನು ಹೋಗಬೇಕಾಗಲಿಲ್ಲ, ಅಣ್ಣನೇ ಕೋಲೂರಿಕೊಂಡು ರಸ್ತೆ ದಾಟಿ ಬಂದ, ಕಿವಿ ಕೇಳದವರು ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ, ನಾನೇ ಸಡಿಲ ಮಾಡಿದ್ದು ಕಣಪ್ಪಾ ಅಂದ ಮೇಸ್ತ್ರಿ, ಕೊಳವೆ ಒಡೆದಿದ್ದು ಗೊತ್ತಾದ್ರೆ ಗ್ಯಾರೇಜಿನ ಹೆಸರು ಹೋಗ್ತಿತ್ತು, ನಿನ್ನ ತಂಗಿ ಚಿಕ್ಕವಳು, ತಡ್ಕೊಳ್ತಾಳೆ ಅಂದ್ಕೊಂಡೆ. ಟೈರ್ ಅಂಗಡಿಯವನಿಗೆ ಕೇಳಿತು, ಟೀ ಅಂಗಡಿಯ ಬೆಂಚಿಗೆ ಕೇಳಿತು, ಮೇಲಿನ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಸೀರೆ ಹಿಡಿದುಕೊಂಡು ಹಾಗೇ ನಿಂತಳು, ಹದಿನಾಲ್ಕು ವರ್ಷ ಕನಸಿನಲ್ಲಿ ಕಂಡದ್ದು ಇದನ್ನೇ, ಇಡೀ ಬೀದಿಗೆ ಕೇಳಬೇಕು ಅಂತ, ಈಗ ಅಣ್ಣ ಕೋಲು ಎತ್ತಲಿ, ಒಂದೇ ಒಂದು ಏಟು, ನೋಡಿಬಿಡುತ್ತೇನೆ. ಅಣ್ಣ ಎತ್ತಲಿಲ್ಲ. ಅಮ್ಮ ಇದ್ದಾಗ ಹೇಳಬಾರದಿತ್ತಾ ಮೇಸ್ತ್ರಿ, ಅಷ್ಟೇ ಅಂದ, ಅದು ಮೇಸ್ತ್ರಿಗೆ ಕೇಳಲಿಲ್ಲ, ಅಣ್ಣ ಎರಡನೇ ಸಲ ಹೇಳಲೂ ಇಲ್ಲ.

ಹೊಸ ಕೊಳವೆ ಬಾಗಿಸಿ ಕೂರಿಸಿದಳು, ಕೈಪಂಪು ಒತ್ತಿ ಗಾಳಿಯನ್ನೆಲ್ಲ ಹೊರಗೆ ಬಿಟ್ಟಳು, ಮೊದಲು ನೊರೆ, ಆಮೇಲೆ ತಿಳಿ ಡೀಸೆಲ್ಲು, ಕೊನೆಗೆ ಫಿಲ್ಟರಿನ ತಲೆಯ ನಟ್ಟು, ಅರ್ಧ ಸುತ್ತು, ಅರ್ಧವೇ ಸುತ್ತು ಬಿಡು ಎಂದು ಹೊಟ್ಟೆಯೊಳಗಿನದು ಹೇಳುತ್ತಿತ್ತು, ಕೈ ಕೇಳಲಿಲ್ಲ, ಕೈ ಬಿಗಿ ಮಾಡಿತು, ಮತ್ತೊಮ್ಮೆ ಮುಟ್ಟಿ ನೋಡಿತು, ಹಾಳು ಕೈ, ಇದಕ್ಕೆ ಸಡಿಲ ಬಿಡುವುದು ಅವತ್ತೂ ಗೊತ್ತಿರಲಿಲ್ಲ. ಗಾಡಿ ಕೆಮ್ಮದೆ ಹೊರಟಿತು, ಯಾರೂ ದಾರಿ ಬಿಡಲು ಸರಿಯಲಿಲ್ಲ, ಅವನೇ ಹಾರ್ನ್ ಮಾಡದೆ ಸುತ್ತಿ ಬಳಸಿ ಹೋದ, ಬೀದಿ ಮುಗಿಯುವವರೆಗೂ ಜನ ನೋಡುತ್ತಲೇ ಇದ್ದರು, ಸಿಹಿಯಾಗಬೇಕಿತ್ತು, ಆಗಿತ್ತು ಕೂಡ, ಅಣ್ಣ ಪಕ್ಕದಲ್ಲೇ ನಿಂತು, ನೀನ್ಯಾಕೆ ಒಂದು ಸಲಾನೂ ಹೇಳಲಿಲ್ಲ ಅನ್ನುವವರೆಗೆ. ಹೇಳಿದ್ದೆ ಅಣ್ಣ, ಆಸ್ಪತ್ರೇಲಿ, ಮಾರನೇ ದಿನಾನೇ, ಅಂದಳು. ಅಣ್ಣನೂ ತಾನೇ, ಇವನೂ ಬೆರಳಲ್ಲಿ ತಿರುಗಿದ ನಟ್ಟಿನ ಕತೆಯನ್ನು ನಂಬಿದ, ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳನ್ನು ನಂಬಲಿಲ್ಲ, ಇಷ್ಟು ವರ್ಷ ಮೇಸ್ತ್ರಿಗೆಂದು ಮಸೆದಿಟ್ಟ ಸಿಟ್ಟು ಈಗ ಯಾರ ಕಡೆ ತಿರುಗುತ್ತಿದೆ, ತಿರುಗಬೇಡ, ತಿರುಗುತ್ತಿದೆ, ಅಣ್ಣನ ಮುಖ ನೋಡಲಾಗದೆ ಕೈಯಲ್ಲಿದ್ದ ಹಳೆಯ ಕೊಳವೆ ನೋಡಿದಳು, ಬಿರುಕು, ಬಿರುಕಿನ ಪಕ್ಕ ಹಿತ್ತಾಳೆ, ಹಿತ್ತಾಳೆಯ ತುದಿಯಲ್ಲಿ ಜಾರದೆ ನಿಂತ ಆ ಹನಿ, ಬೀಳದ ಹನಿ, ಹನಿ —