ಮಾಣಿಕ್ಯಾಂಬ ಹುಳಿ ಎಂದ ಮಾವು

ಬುಸ್. ನಡುರಾತ್ರಿ ಅಡುಗೆಮನೆಯಿಂದ ಬಂದ ಆ ಸಣ್ಣ ಸದ್ದಿಗೆ ಮಾಣಿಕ್ಯಾಂಬಳಿಗೆ ಎಚ್ಚರವಾಯಿತು. ಬೆಕ್ಕಲ್ಲ, ಹಾವೂ ಅಲ್ಲ. ದೀಪ ಹಾಕಿ, ಹೊಸ ಆವಕಾಯ ಉಪ್ಪಿನಕಾಯಿ ತುಂಬಿದ ಭರಣಿಗೆ ಕಿವಿ ಹಚ್ಚಿದಳು. ಸದ್ದು ಅದರೊಳಗಿನದೇ. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದರೆ ಎಣ್ಣೆಯ ಮೇಲೆಲ್ಲ ನೊರೆ. ಹೋಳೊಂದನ್ನು ನಾಲಿಗೆಗಿಟ್ಟಳು. ಖಾರದ ಹಿಂದೆಯೇ ಸಿಹಿ.

ಸಿಹಿ ಮಾವು ಹಾಕಿದರೆ ಆವಕಾಯ ಹುದುಗಿ ಕೆಡುತ್ತದೆ. ಅಮಲಾಪುರದ ಆ ಬೀದಿಯಲ್ಲಿ ಆವಕಾಯದ ಮಾವನ್ನು ಯಾರೂ ತಾವಾಗಿ ಆರಿಸುತ್ತಿರಲಿಲ್ಲ. ಸಂತೆಯಲ್ಲಿ ಮಾಣಿಕ್ಯಾಂಬ ಹೋಳು ಕಚ್ಚಿ ‘ಹುಳಿ ಇದೆ, ಕಡಿಸಿ’ ಎಂದ ಮೇಲೆಯೇ ಕಾಯಿ ಕಡಿಯುವವನ ಮುಂದೆ ಬುಟ್ಟಿಗಳು ಸಾಲುಗಟ್ಟುತ್ತಿದ್ದವು. ಈ ಸಲವೂ ಹಾಗೇ ಹೇಳಿದ್ದಳು. ಆದರೆ ಅಂದು ಬೆಳಿಗ್ಗೆ ಕಾಫಿಗೆ ನಾಲಿಗೆ ಸುಟ್ಟು ರುಚಿಯೇ ಸತ್ತಿತ್ತು. ಬೀದಿಯ ಹೆಂಗಸರೆಲ್ಲ ತನ್ನ ಬಾಯನ್ನೇ ನೋಡುತ್ತಿರುವಾಗ ‘ಗೊತ್ತಾಗುತ್ತಿಲ್ಲ’ ಎನ್ನಲು ನಾಚಿಕೆಯಾಗಿತ್ತು.

ಬೆಳಗಾಗುತ್ತಲೇ ಎದುರುಮನೆಯ ಶೇಷಾರತ್ನಳ ಗಂಟಲು ಕೇಳಿಸಿತು. ಅವಳ ಹೊಸ ಸೊಸೆ ಹೈಮಾ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ಒದ್ದೆ ಕೈ ಹಾಕಿದೀಯ, ಅದಕ್ಕೇ ಭರಣಿ ತುಂಬ ನೊರೆ! ಬಂದ ವರ್ಷಾನೇ ಮನೆ ಆವಕಾಯ ಹಾಳುಮಾಡಿದ್ಯಲ್ಲೇ!"

ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಾಣಿಕ್ಯಾಂಬ ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದಳು.

"ರತ್ನಾ, ಆ ಹುಡುಗೀನ ಬಿಡು. ಬೈಯೋದಾದ್ರೆ ನನ್ನ ಬೈಯಿ. ನನ್ನ ಭರಣೀನೂ ಬುಸುಗುಡ್ತಿದೆ. ಮಾವೇ ಸಿಹಿ ಕಣೇ. ನಾಲಿಗೆ ಸುಟ್ಕೊಂಡಿದ್ದೆ, ರುಚಿ ತಿಳೀದೇನೇ ಹುಳಿ ಅಂದ್ಬಿಟ್ಟೆ."

ಜಗಲಿಗಳಿಂದ ಹೆಂಗಸರು ಇಳಿದು ಬಂದರು.

"ಅಲ್ಲ ಅಕ್ಕಯ್ಯ," ಎಂದಳು ಶೇಷಾರತ್ನ, "ನೀನು ಹೇಳಿದ್ಮೇಲೆ ಇನ್ನೇನು ಅಂತ ನಾನು ಕಚ್ಚಿ ಕೂಡ ನೋಡ್ಲಿಲ್ಲ!"

"ಅದೇ ನನ್ನ ರಾತ್ರಿಯೆಲ್ಲ ಚುಚ್ಚಿದ್ದು. ಎಲ್ಲರೂ ಭರಣಿ ನಮ್ಮ ತಾರಸಿಗೆ ತನ್ನಿ. ಹೋಳು ಹಿಂಡಿ ಒಣಗಿಸಿ ಮತ್ತೆ ಕಲಸಿಕೊಡ್ತೀನಿ. ಖಾರ, ಸಾಸಿವೆ, ಎಣ್ಣೆ ಎಲ್ಲ ನಂದೇ. ಮುಂದಿನ ವರ್ಷ ಬೇರೆಯವರನ್ನ ಕೇಳಿ."

"ಬೇರೆ ಯಾರನ್ನ? ನಮ್ಮನೆಯವರನ್ನಾ?" ಹಿಂದಿನಿಂದ ಒಬ್ಬಳು ಅಂದಳು. "ಅವರಿಗೆ ಹುಣಸೇಹಣ್ಣು ಕೊಟ್ಟು ಬೆಲ್ಲ ಅಂದ್ರೂ ನಂಬ್ತಾರೆ!"

ಮೊದಲು ನಕ್ಕವಳು ಶೇಷಾರತ್ನಳೇ. "ಸುಮ್ನಿರು ಅಕ್ಕಯ್ಯ. ಮುಂದಿನ ವರ್ಷ ನಿನಗೆ ಕಾಫಿ ಆರಿಸಿ ಕುಡಿಸಿ ನಾನೇ ಸಂತೆಗೆ ಕರ್ಕೊಂಡು ಹೋಗ್ತೀನಿ."

ಮಧ್ಯಾಹ್ನದ ಹೊತ್ತಿಗೆ ತಾರಸಿಯ ತುಂಬ ಹಳೇ ಪಂಚೆಗಳು, ಅವುಗಳ ಮೇಲೆ ಕೆಂಪು ಹೋಳುಗಳು. ಹೋಳು ಹಿಂಡಿದ ಬೇಸಿನ್ನಿನ ತಳಕ್ಕೆ ಅಂಟಿದ ಖಾರದಲ್ಲಿ ಬಿಸಿ ಅನ್ನ, ತುಪ್ಪ ಸುರಿದು ಕಲಸಿ ಮಾಣಿಕ್ಯಾಂಬ ಎಲ್ಲರ ಅಂಗೈಗೂ ತುತ್ತು ಹಾಕಿದಳು. ಸಿಹಿಯೆಂದು ಗೊಣಗಿದವರೇ ಮತ್ತೆ ಮತ್ತೆ ಕೈಯೊಡ್ಡಿದರು.

ಎಲ್ಲರೂ ಇಳಿದುಹೋದ ಮೇಲೂ ಹೈಮಾ ಹೋಳು ಮಗುಚುತ್ತ ಉಳಿದಳು. ಕೊನೆಗೆ ಹತ್ತಿರ ಸರಿದು ಪಿಸುಗುಟ್ಟಿದಳು.

"ದೊಡ್ಡತ್ತೆ... ನಾನು ನಿಜವಾಗ್ಲೂ ಒದ್ದೆ ಕೈ ಹಾಕಿದ್ದೆ. ಒಂದೇ ಒಂದು ಹೋಳು ತಿನ್ನೋ ಆಸೆ ಆಗಿತ್ತು."

ಮಾಣಿಕ್ಯಾಂಬ ಅವಳನ್ನೇ ನೋಡಿದಳು. ಆಮೇಲೆ ನಗು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅವಳನ್ನು ನೋಡಿ ಹೈಮಾಳೂ ನಗತೊಡಗಿದಳು.

"ಏನೇ ಅದು ಮೇಲೆ?" ಕೆಳಗಿನಿಂದ ಶೇಷಾರತ್ನ ಕೂಗಿದಳು.

"ಹೇಳಲ್ಲ ಹೋಗು!" ಎಂದಳು ಮಾಣಿಕ್ಯಾಂಬ. ಇಂದಲ್ಲ, ಎಂದಿಗೂ ಯಾರಿಗೂ ಹೇಳುವುದಿಲ್ಲ ಎಂದು ಅವಳು ಆಗಲೇ ನಿರ್ಧರಿಸಿದ್ದಳು. ಬಿಸಿಲಲ್ಲಿ ಅರೆ ಒಣಗಿದ ಹೋಳೊಂದನ್ನು ಆರಿಸಿ ಹುಡುಗಿಯ ಬಾಯಿಗಿಟ್ಟಳು.